ಬೆಲ್ಲದ ಅಚ್ಚಿನಿಂದ ಚಾಕೊಲೇಟಿನವರೆಗೆ

ಶ್ರೀರಂಗಪಟ್ಟಣದಿಂದ ಕನ್ನಂಬಾಡಿಗೆ ಹೋಗುವ ದಾರಿಯಲ್ಲಿ ಬೆಳಗೊಳವೆಂಬ ಊರಿದೆ. ಕಾವೇರಿಯ ನಾಲೆ, ಬತ್ತದ ಗದ್ದೆ, ಕಬ್ಬಿನ ತೋಟ, ಇವೇ ಆ ಸೀಮೆಯ ಲಕ್ಷಣ. ಹಿಂದೆ ಅಲ್ಲಿಯ ಮಕ್ಕಳು ಆಲೆಮನೆಯ ಬಾಗಿಲಲ್ಲಿ ನಿಂತು ಬಿಸಿಬೆಲ್ಲಕ್ಕೆ ಕೈಯೊಡ್ಡುತ್ತಿದ್ದರು. ಇಂದಿನ ಮಕ್ಕಳು ಅಂಗಡಿಯ ಮುಂದೆ ನಿಂತು ಚಾಕೊಲೇಟಿಗೆ ಕೈಯೊಡ್ಡುತ್ತಾರೆ. ಮಕ್ಕಳ ಮಾತಿರಲಿ, ಹಿರಿಯರಲ್ಲಿಯೂ ಈ ತಿಂಡಿಯ ಹೆಸರೆತ್ತಿದರೆ ಬಾಯಲ್ಲಿ ನೀರೂರಿಸಿಕೊಳ್ಳುವವರು ಕಡಮೆಯಿಲ್ಲ. ಈ ಆಸೆ ಹೊಸದೆ, ಅಥವಾ ಹಳೆಯ ಆಸೆಯೇ ಹೊಸ ಉಡುಪನ್ನು ತೊಟ್ಟು ಬಂದಿದೆಯೆ? ಇದನ್ನು ಸ್ವಲ್ಪ ವಿಚಾರಮಾಡೋಣ.

ಸಿಹಿಗೂ ಈ ನೆಲಕ್ಕೂ ನಂಟು ಬಹು ಹಳೆಯದು. ಬಲಮುರಿಯ ಅಣೆಕಟ್ಟಿನಿಂದ ಹೊರಡುವ ವಿರಿಜಾ ನಾಲೆ, ಅದರಂತೆಯೇ ಒಡೆಯರ ಕಾಲದ ಇತರ ನಾಲೆಗಳು, ನದಿಯ ನೀರನ್ನು ಹೊಲಕ್ಕೆ ತಂದುವು. ನೀರು ಬಂದಲ್ಲಿ ಕಬ್ಬು ಬಂದಿತು. 1800ರಲ್ಲಿ ಈ ನಾಡನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿನ ಬೇಸಾಯವನ್ನೂ ರಸ್ತಾಳಿ, ಪಟ್ಟಾಪಟ್ಟಿ ಎಂಬ ತಳಿಗಳನ್ನೂ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ಬಹು ಬಿಳಿಯ ಸಕ್ಕರೆಯನ್ನು ತಯಾರಿಸುವ ಕೌಶಲವು ಒಂದೇ ಮನೆತನದವರಿಗೆ ತಿಳಿದಿತ್ತೆಂದೂ ಆ ಸಕ್ಕರೆಯು ಟಿಪ್ಪುವಿನ ಉಪಯೋಗಕ್ಕೆ ಮೀಸಲಾಗಿತ್ತೆಂದೂ ಅವನು ಹೇಳುತ್ತಾನೆ. ಅಂದರೆ ಆ ಕಾಲದಲ್ಲಿ ಬೆಲ್ಲವು ಪ್ರಜೆಗಳದು, ಬಿಳಿಯ ಸಕ್ಕರೆ ಅರಮನೆಯದು.

ಈ ಅಂತರವನ್ನು ಯಂತ್ರಯುಗವು ಅಳಿಸಿತು. 1847ರಲ್ಲಿ ಬೆಳಗೊಳದ ನೆರೆಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಯಿತು. ರೈತರು ತಮ್ಮ ಆಲೆಮನೆಗಳಲ್ಲಿ ಕಾಯಿಸಿದ ಬೆಲ್ಲವನ್ನೇ ಅಲ್ಲಿ ಶುದ್ಧಿಮಾಡಿ ಸಕ್ಕರೆಯನ್ನು ತೆಗೆಯುತ್ತಿದ್ದರು. 1851ರಲ್ಲಿ ಲಂಡನ್ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಈ ಸಕ್ಕರೆಗೆ ಬಹುಮಾನವೂ ದೊರೆಯಿತು.

ಅದೇ 1847ನೆಯ ವರ್ಷ ಸಿಹಿಯ ಚರಿತ್ರೆಯಲ್ಲಿ ಇನ್ನೊಂದು ಕಾರಣದಿಂದಲೂ ಸ್ಮರಣೀಯವಾದುದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಫ್ರೈ ಎಂಬ ವರ್ತಕರ ಮನೆಯವರು ಕೋಕೋ ಪುಡಿ, ಸಕ್ಕರೆ, ಕರಗಿಸಿದ ಕೋಕೋ ಬೆಣ್ಣೆ, ಈ ಮೂರನ್ನೂ ಕಲಸಿ ಅಚ್ಚಿಗೆ ಹೊಯ್ದು, ಕಚ್ಚಿ ತಿನ್ನುವ ಚಾಕೊಲೇಟನ್ನು ಮಾಡಿದ್ದು ಆಗಲೇ. ಅಲ್ಲಿಯವರೆಗೆ ಚಾಕೊಲೇಟೆಂದರೆ ಪಾನೀಯ. ಮಧ್ಯ ಅಮೆರಿಕದ ಮೂಲನಿವಾಸಿಗಳು ಕೋಕೋ ಬೀಜವನ್ನು ಹುರಿದು ಅರೆದು, ಮೆಣಸಿನಕಾಯಿಯನ್ನೂ ಬೆರೆಸಿ, ಕಹಿಯಾಗಿಯೇ ಕುಡಿಯುತ್ತಿದ್ದರು. ಆ ಬೀಜವೇ ಅವರಲ್ಲಿ ನಾಣ್ಯವಾಗಿಯೂ ನಡೆಯುತ್ತಿತ್ತು. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಕಂಡು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಅದಕ್ಕೆ ಸಕ್ಕರೆ ಸೇರಿತು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಬೀಜದ ಜಿಡ್ಡನ್ನು ಬೇರ್ಪಡಿಸುವ ಯಂತ್ರಕ್ಕೆ ಸನ್ನದು ಪಡೆದನು. 1875ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲನ್ನು ಸೇರಿಸಿದನು.

ಹೀಗೆ ನೋಡಿದರೆ, ಲೋಕವನ್ನು ಗೆದ್ದದ್ದು ಬರಿಯ ಕಹಿಬೀಜವಲ್ಲ, ಸಕ್ಕರೆಯ ಕೈಹಿಡಿದ ಬೀಜ. ಯುಗಾದಿಯ ದಿನ ಬೇವುಬೆಲ್ಲವನ್ನು ತಿನ್ನುವ ನಮಗೆ ಕಹಿಸಿಹಿಗಳ ಈ ಕೂಟ ಅಪರಿಚಿತವೇನೂ ಅಲ್ಲ. ಆದರೆ ಬೇವುಬೆಲ್ಲವನ್ನು ಇನ್ನೊಮ್ಮೆ ಕೊಡಿರೆಂದು ಕೇಳುವವರಿಲ್ಲ, ಚಾಕೊಲೇಟನ್ನು ಕೇಳುತ್ತಾರೆ. ಇದೇಕೆ?

ಕೋಕೋವಿನಲ್ಲಿ ಥಿಯೋಬ್ರೊಮಿನ್ ಎಂಬ ಉತ್ತೇಜಕ ದ್ರವ್ಯವಿದೆ, ಕಾಫಿಯಲ್ಲಿರುವ ಕೆಫೀನೂ ಅಲ್ಪಸ್ವಲ್ಪವಿದೆ. ಆಸೆಗೆ ಇವೇ ಕಾರಣವೆಂದು ಹಲವರು ಊಹಿಸಿದ್ದುಂಟು. 1994ರಲ್ಲಿ ಅಮೆರಿಕದ ವಿಲ್ಲಾ ಮಿಷನರ್ ಮತ್ತು ಪಾಲ್ ರೋಜಿನ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಚಾಕೊಲೇಟನ್ನು ಬಯಸುವವರಿಗೆ ಒಮ್ಮೆ ಚಾಕೊಲೇಟನ್ನು, ಒಮ್ಮೆ ಕೋಕೋವಿನ ಪುಡಿಯಿಲ್ಲದ ಬಿಳಿಯ ಚಾಕೊಲೇಟನ್ನು, ಒಮ್ಮೆ ಕೋಕೋ ಪುಡಿಯನ್ನು ತುಂಬಿದ ಗುಳಿಗೆಗಳನ್ನು ಕೊಟ್ಟು ನೋಡಿದರು. ಗುಳಿಗೆಯಿಂದ ಬಯಕೆ ತಣಿಯಲಿಲ್ಲ. ಬಿಳಿಯದರಿಂದ ಸ್ವಲ್ಪ ತಣಿಯಿತು. ಪೂರ್ಣವಾಗಿ ತಣಿದದ್ದು ಚಾಕೊಲೇಟಿನಿಂದಲೇ. ಆದಕಾರಣ ಬಯಕೆಯ ಬೇರು ಔಷಧಗುಣಕ್ಕಿಂತ ಹೆಚ್ಚಾಗಿ ರುಚಿ, ಪರಿಮಳ, ಸ್ಪರ್ಶಗಳಲ್ಲಿದೆ. ಕೋಕೋ ಬೆಣ್ಣೆಯು 34 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಕರಗುತ್ತದೆ; ನಮ್ಮ ಮೈಶಾಖ 37. ಕೈಯಲ್ಲಿ ಗಟ್ಟಿಯಾಗಿದ್ದುದು ನಾಲಗೆಯ ಮೇಲೆ ಬೆಣ್ಣೆಯಾಗುತ್ತದೆ. ಸಿಹಿಯೂ ಜಿಡ್ಡೂ ಕೂಡಿದ ಆಹಾರವನ್ನು ದೇಹವು ಹುಟ್ಟಿನಿಂದಲೇ ಮೆಚ್ಚುತ್ತದೆ. ತಾಯಿಯ ಹಾಲೇ ಅಂತಹುದಲ್ಲವೆ? ಅದರ ಮೇಲೆ ಬಹುಮಾನವೆಂದೂ ಪ್ರೀತಿಯ ಕಾಣಿಕೆಯೆಂದೂ ಅದನ್ನು ಕೊಡುವ ವಾಡಿಕೆಯೊಂದು ಸೇರಿದರೆ, ಆಸೆಯು ಬೇರೂರುವುದಕ್ಕೆ ಇನ್ನೇನು ಬೇಕು?

ಆದರೆ ತಿನ್ನುವವರ ಆಸೆಯ ಮೇಲೆ ಬೆಳೆಯುವವರ ಬಾಳು ನಿಂತಿದೆಯೆಂಬುದನ್ನು ನಾವು ಮರೆಯಬಾರದು. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟಗಳ ನೆರಳಿನಲ್ಲಿ 1970ರ ದಶಕದಲ್ಲಿ ಕೋಕೋ ಗಿಡ ಹರಡಿತು. 1980ರ ಸುಮಾರಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆಗೆದರು. ಕೋಕೋ ಕಾಯಿಯನ್ನು ಅಡಿಕೆಯಂತೆ ಒಣಗಿಸಿ ಅಟ್ಟದ ಮೇಲೆ ಕಾದಿರಿಸುವಂತಿಲ್ಲ. ಒಡೆದ ಕಾಯಿಯ ಬೀಜವನ್ನು ರಾಶಿಹಾಕಿ ಐದಾರು ದಿನ ಹುದುಗಿಸಿ, ಆಮೇಲೆ ಒಣಗಿಸಬೇಕು. ಕೊಳ್ಳುವವರಿಲ್ಲದಿದ್ದರೆ ದುಡಿಮೆಯೆಲ್ಲ ಮರದಡಿಯಲ್ಲಿ ಕೊಳೆಯುತ್ತದೆ. ಆಗ ನೆರವಿಗೆ ಬಂದುದು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಹುಟ್ಟಿದ್ದ ಬೆಳೆಗಾರರ ಸಹಕಾರಿ ಸಂಸ್ಥೆ, ಕ್ಯಾಂಪ್ಕೋ. ಅದು ಕೋಕೋವನ್ನು ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಅಚ್ಚು ಹೊಯ್ಯುವವರಾದರು.

ಬೆಳಗೊಳದ ಸೀಮೆಗೂ ಈ ಪಾಠ ಹೊರಗಲ್ಲ. ಕನ್ನಂಬಾಡಿಯ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಮಂಡ್ಯದ ಬಯಲನ್ನು ಹಸಿರುಗೊಳಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಆ ಮಂಡ್ಯದ ಕಾರ್ಖಾನೆಯೂ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬನ್ನು ಅರೆಯತೊಡಗಿತು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಗಾಣ ನಿಂತರೆ ರೈತನ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ.

ಚಾಕೊಲೇಟಿನ ಆಸೆ ತಪ್ಪಲ್ಲ, ಮಿತವಿದ್ದರೆ ಸಾಕು. ಹಾಲುಚಾಕೊಲೇಟಿನಲ್ಲಿ ಅರ್ಧದ ಹತ್ತಿರ ಸಕ್ಕರೆಯೇ ಇರುತ್ತದೆ. ಆ ಒಂದು ತುಂಡು ನಾಲಗೆಯ ಮೇಲೆ ಕರಗುವಾಗ, ಪುತ್ತೂರಿನ ತೋಟದ ನೆರಳನ್ನೂ ಬೆಳಗೊಳದ ಕಬ್ಬಿನ ಗದ್ದೆಯ ಬಿಸಿಲನ್ನೂ ಒಂದು ಕ್ಷಣ ನೆನೆದರೆ, ತಿಂದದ್ದು ಇನ್ನಷ್ಟು ಸಿಹಿಯಾದೀತು.