ಎಣ್ಣೆಯ ಕೆಳಗಿನ ಉಪ್ಪು

ಯುದ್ಧದ ಚರಿತ್ರೆ ಬರೆದವರು ಕೋವಿ ಹಾರಿದ ಗಳಿಗೆಯನ್ನು ಬೇಕಾದಷ್ಟು ವರ್ಣಿಸಿದ್ದಾರೆ. ಹಾರಿದ ಮೇಲೆ ಅದನ್ನು ತೊಳೆದಿಟ್ಟ ಗಳಿಗೆಯ ಗೋಜಿಗೆ ಹೋದವರು ಕಡಿಮೆ. ಊಟದ ಹೊಗಳಿಕೆ ಎಲೆಯ ಮುಂದೆಯೇ ಮುಗಿಯುತ್ತದೆ, ಪಾತ್ರೆ ತಿಕ್ಕಿದವರ ಸುದ್ದಿ ಯಾರಿಗೆ ಬೇಕು? ಆದರೆ ಸಿಪಾಯಿಯ ಬದುಕಿನಲ್ಲಿ ಗುಂಡು ಹಾರಿಸುವ ದಿನಗಳು ಕೆಲವೇ; ಕೋವಿ ತಿಕ್ಕುವುದು ಮಾತ್ರ ನಿತ್ಯಕರ್ಮ. ಈ ನಿತ್ಯಕರ್ಮಕ್ಕೂ ಒಂದು ಇತಿಹಾಸವಿದೆ. ಎಣ್ಣೆ ಹೆಚ್ಚೋ ನೀರು ಹೆಚ್ಚೋ ಎಂಬ ಹಳೆಯ ವ್ಯಾಜ್ಯವೇ ಅದರ ತಿರುಳು.

೧೯೬೨ರ ಯುದ್ಧದಲ್ಲಿ ಹಿಮಾಲಯದ ನೆತ್ತಿಯ ಮೇಲೆ ನಮ್ಮ ಜವಾನರು ಹಿಡಿದು ನಿಂತದ್ದು ಎರಡು ಮಹಾಯುದ್ಧಗಳನ್ನು ಕಂಡ ಲೀ-ಎನ್‌ಫೀಲ್ಡ್ ರೈಫಲನ್ನು. ಮರುವರ್ಷದಿಂದ ಕೆಲವು ಕಾಲ ಕಾಲೇಜಿನ ಹುಡುಗರಿಗೆಲ್ಲ ಎನ್.ಸಿ.ಸಿ. ಕಡ್ಡಾಯವಾಯಿತು, ಆಗ ನನ್ನಂಥವರ ಹೆಗಲಿಗೂ ಅದೇ ರೈಫಲು ಏರಿತು. ನಳಿಕೆಯ ಒಳವ್ಯಾಸ ಇಂಚಿನ ಸಾವಿರದಲ್ಲಿ ೩೦೩ ಪಾಲು. ಆದ್ದರಿಂದಲೇ ಜನರ ಬಾಯಲ್ಲಿ ಅದು ತ್ರೀ-ನಾಟ್-ತ್ರೀ. ತೂಕ ಹೆಚ್ಚು ಕಡಿಮೆ ನಾಲ್ಕು ಕಿಲೋ. ಅದರ ಬೋಲ್ಟು ನಮ್ಮ ಹಳೆಯ ಮನೆಗಳ ಬಾಗಿಲ ಅಗುಳಿಯಂತೆಯೇ ಕೆಲಸ ಮಾಡುತ್ತದೆ: ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಬಾಗಿಲು ತೆರೆಯಿತು, ಮುಂದಕ್ಕೆ ದೂಡಿ ಕೆಳಗೆ ತಿರುಗಿಸಿದರೆ ಮುಚ್ಚಿತು.

ಇದನ್ನು ಶುಚಿಗೊಳಿಸುವ ಸಾಮಗ್ರಿಯೆಲ್ಲ ಅದರ ಹೊಟ್ಟೆಯಲ್ಲೇ ಇರುತ್ತಿತ್ತು. ಭುಜಕ್ಕೊತ್ತುವ ಮರದ ಬಟ್ಟಿನ ಹಿಂದೆ ಒಂದು ಪುಟ್ಟ ಹಿತ್ತಾಳೆ ಮುಚ್ಚಳ. ತೆರೆದರೆ ಒಳಗೆ ಎಣ್ಣೆಯ ಕುಪ್ಪಿ ಮತ್ತು ಸುತ್ತಿಟ್ಟ ಒಂದು ಹುರಿ. ಹುರಿಯ ಹೆಸರು ಪುಲ್-ಥ್ರೂ. ಒಂದು ತುದಿಗೆ ಹಿತ್ತಾಳೆಯ ಭಾರ, ಇನ್ನೊಂದು ಕಡೆ ಮೂರು ಕುಣಿಕೆ. ಮೊದಲನೆಯದು ತಂತಿಬಲೆಗೆ, ಎರಡನೆಯದು ಬಟ್ಟೆಗೆ. ಮೂರನೆಯದು ಬಟ್ಟೆ ಒಳಗೇ ಸಿಕ್ಕಿಕೊಂಡಾಗ ಹಿಂದಕ್ಕೆಳೆಯಲು, ಅಂದರೆ ಪೆದ್ದರಿಗಾಗಿ ಎಂದು ನಮ್ಮ ಹವಾಲ್ದಾರರು ಹೇಳುತ್ತಿದ್ದರು. ಅವರನ್ನು ನಾವು ಉಸ್ತಾದರೆಂದು ಕರೆಯುತ್ತಿದ್ದೆವು. ಬಟ್ಟೆಗೆ ಪಲ್ಟಣದ ಹಿಂದಿಯಲ್ಲಿ ‘ಚಿಂದಿ’ ಎಂದೇ ಹೆಸರು. ಕನ್ನಡಿಗರು ಕಲಿಯಬೇಕಾಗಿಲ್ಲದ ಒಂದೇ ಶಬ್ದ ಅದು. ಒರಸುವ ಚಿಂದಿ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲ. ಎಣ್ಣೆ ಹಚ್ಚುವ ಚಿಂದಿಯ ಅಗಲ ಒಂದೂವರೆ ಇಂಚು. ಬೋಲ್ಟನ್ನು ಹೊರತೆಗೆದು, ಭಾರವನ್ನು ಹಿಂದಿನಿಂದ ಬಿಟ್ಟು, ಕೋವಿಯ ಬಾಯಿಂದ ಹೊರಬಂದ ಹುರಿಯನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು. ಹುರಿ ಬಾಯಂಚಿಗೆ ಉಜ್ಜಬಾರದು. ಬಾವಿಯ ಹಗ್ಗ ಕಲ್ಲಿನ ಕಟ್ಟೆಯಲ್ಲಿ ಗುಳಿ ಕೊರೆಯುವಂತೆ ಸೆಣಬಿನ ಹುರಿಯೂ ಉಕ್ಕನ್ನು ಕೊರೆಯುತ್ತದೆ. ಬಾಯಿ ಸವೆದ ಕೋವಿ ಗುರಿ ತಪ್ಪುತ್ತದೆ. ತಂತಿಬಲೆಯನ್ನಂತೂ ಮೇಲಿನವರ ಅಪ್ಪಣೆಯಿಲ್ಲದೆ ಮುಟ್ಟುವಂತಿರಲಿಲ್ಲ. ಹಾರಿಸಿದ್ದಕ್ಕಿಂತ ತಿಕ್ಕಿದ್ದರಿಂದಲೇ ಕೆಟ್ಟ ಕೋವಿಗಳು ಲೋಕದಲ್ಲಿ ಹೆಚ್ಚೆಂದು ನನಗೆ ಅನುಮಾನ.

ಹತ್ತಾರು ರೈಫಲುಗಳನ್ನು ಒಟ್ಟಿಗೆ ಬಿಚ್ಚಿದಾಗ ಬೋಲ್ಟುಗಳು ಅದಲುಬದಲಾಗದಂತೆ ನಂಬರು ನೋಡಿ ಜೋಡಿಸುವುದು ಇನ್ನೊಂದು ನಿಯಮ. ಒಂದು ಬೋಲ್ಟು ಒಂದೇ ಕೋವಿಗೆ ಹೊಂದಿಸಿದ್ದು. ಕಡೆಗೆ ತಪಾಸಣೆ. ಹೆಬ್ಬೆರಳಿನ ಉಗುರನ್ನು ನಳಿಕೆಯ ಹಿಂದೆ ಕನ್ನಡಿಯಂತೆ ಹಿಡಿದು, ಬಾಯಿಯಿಂದ ಇಣುಕಿದರೆ, ಒಳಗಿನ ಸುರುಳಿ ಗೆರೆಗಳು ಬೆಳ್ಳಿಯ ಬಳೆಗಳಂತೆ ಹೊಳೆಯುತ್ತಿದ್ದವು.

ವರ್ಷಾಂತ್ಯದ ಶಿಬಿರದಲ್ಲಿ ಗುಂಡು ಹಾರಿಸಿದ ದಿನ ಮಾತ್ರ ಕ್ರಮ ಬೇರೆ. ಅಡುಗೆಯ ಹಂಡೆಯಲ್ಲಿ ನೀರು ಕುದಿಸಿ, ಆಲಿಕೆಯಿಟ್ಟು ನಳಿಕೆಯ ಹಿಂದಿನಿಂದ ಸುರಿಯಬೇಕು. ಆಮೇಲೆ ಒರಸಿ ಎಣ್ಣೆ. “ನೀರು ತಗಲಿದರೆ ಕಬ್ಬಿಣ ತುಕ್ಕು ಹಿಡಿಯುವುದಿಲ್ಲವೇ, ಉಸ್ತಾದ್?” ಎಂದು ನಮ್ಮಲ್ಲೊಬ್ಬ ವಿಜ್ಞಾನದ ವಿದ್ಯಾರ್ಥಿ ಕೇಳಿದ. “ಹುಕುಂ ಹೈ” ಎಂಬುದೇ ಉತ್ತರ. ಹುಕುಮಿನ ಹಿಂದಿನ ಕಾರಣ ತಿಳಿಯಲು ಒಂದು ಶತಮಾನ ಹಿಂದಕ್ಕೆ ಹೋಗಬೇಕು.

ಕರಿಮದ್ದಿನ ಕಾಲದಲ್ಲಿ ಕೋವಿಯ ಕೊಳೆ ಕಣ್ಣಿಗೆ ಕಾಣುವಂಥದು. ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಆ ಮಿಶ್ರಣ ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಹೊಗೆಯಾಗಿ ಉಳಿಯುತ್ತಿತ್ತು. ಕೆಲವು ಗುಂಡು ಹಾರಿಸುವಷ್ಟರಲ್ಲಿ ನಳಿಕೆ ಕಟ್ಟಿಕೊಂಡು, ಮುಂದಿನ ಗುಂಡು ಇಳಿಯುವುದೇ ಕಷ್ಟ. ಅದನ್ನು ಜಾರಿಸಲೆಂದೇ ಎನ್‌ಫೀಲ್ಡಿನ ಕಾಗದದ ತೋಟೆಗೆ ಕೊಬ್ಬು ಸವರುತ್ತಿದ್ದರು. ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಆ ತೋಟೆಯ ಕೊಬ್ಬು ಯಾವ ಪ್ರಾಣಿಯದೆಂಬ ಸಂಶಯ ೧೮೫೭ರಲ್ಲಿ ಏನು ಮಾಡಿತೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ದಂಗೆಗೆ ಬೇರೆ ಕಾರಣಗಳು ಹಲವಿದ್ದವು, ನಿಜ. ಆದರೂ ಸಿಡಿದ ಕಿಡಿ, ನಳಿಕೆಯೊಳಗಿನ ಕೊಳೆಗೆ ಹುಡುಕಿದ ಒಂದು ಉಪಾಯದಿಂದ ಹುಟ್ಟಿದ್ದು. ಆ ಮಸಿಗೆ ಮದ್ದು ಬಿಸಿನೀರು. ಅದು ಎಲ್ಲ ಸೈನ್ಯಗಳಿಗೂ ಗೊತ್ತಿತ್ತು.

ಈ ಕೊಳೆ ಕಡಿಮೆ ಕೂರಲೆಂದು ವಿಲಿಯಂ ಮೆಟ್‌ಫರ್ಡ್ ಎಂಬ ಇಂಜಿನಿಯರು ನಳಿಕೆಯ ಗೆರೆಗಳನ್ನು ಆಳವಿಲ್ಲದಂತೆ, ಮೂಲೆಗಳನ್ನು ದುಂಡಗೆ ಮಾಡಿ ರೂಪಿಸಿದ. ಮೂಲೆಯಿಲ್ಲದ ಪಾತ್ರೆ ಬೆಳಗುವುದು ಸುಲಭವಲ್ಲವೇ? ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕ ಸೇರಿದ ಜೇಮ್ಸ್ ಪ್ಯಾರಿಸ್ ಲೀಯ ಬೋಲ್ಟನ್ನು ಅದಕ್ಕೆ ಕೂಡಿಸಿ ೧೮೮೮ರಲ್ಲಿ ಬ್ರಿಟಿಷ್ ಸೈನ್ಯ ಲೀ-ಮೆಟ್‌ಫರ್ಡ್ ರೈಫಲನ್ನು ಸ್ವೀಕರಿಸಿತು. ವಿಧಿಯ ಆಟ ನೋಡಿ: ಕೆಲವೇ ವರ್ಷಗಳಲ್ಲಿ ಕರಿಮದ್ದೇ ಹೋಯಿತು. ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು. ಮಸಿಯೇನೋ ಇಲ್ಲ, ಆದರೆ ಕಾವು ಎಷ್ಟೆಂದರೆ ಮೆಟ್‌ಫರ್ಡನ ನಯವಾದ ಗೆರೆಗಳು ಬೇಗನೆ ಸವೆದವು. ೧೮೯೫ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯ ಐದು ಆಳವಾದ ಗೆರೆಗಳು ಬಂದು, ಹೆಸರೂ ಲೀ-ಎನ್‌ಫೀಲ್ಡ್ ಎಂದಾಯಿತು. ನಳಿಕೆಗೆ ಜಿಡ್ಡು ಸಿಗಲೆಂದು ಕಾರ್ಡೈಟಿನಲ್ಲೇ ಶೇಕಡಾ ೫ರಷ್ಟು ವ್ಯಾಸಲೀನು ಬೆರೆಸಿದ್ದರು! ನೀಲಗಿರಿಯ ಅರುವಂಕಾಡಿನ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎದ್ದದ್ದು ಈ ಮದ್ದಿಗಾಗಿಯೇ.

ಹೊಸ ಮದ್ದಿನ ಕೋವಿ ಒಳಗೆ ನೋಡಲು ಶುಭ್ರ. ಇನ್ನು ನೀರೇಕೆ, ಎಣ್ಣೆ ಸಾಕು ಎಂದುಕೊಂಡರೆ, ಒರಸಿ ಎಣ್ಣೆ ಬಳಿದಿಟ್ಟ ನಳಿಕೆ ನಾಲ್ಕು ದಿನಕ್ಕೆ ಎಣ್ಣೆಯ ಕೆಳಗೇ ಕೆಂಪಗೆ ತುಕ್ಕು ಹಿಡಿಯುತ್ತಿತ್ತು. ಸಿಪಾಯಿಗೆ ಶಿಕ್ಷೆ ಖಂಡಿತ. ಮದ್ದಿನಿಂದ ಹುಟ್ಟಿದ ಆಮ್ಲ ಉಕ್ಕಿನ ರಂಧ್ರಗಳನ್ನು ಹೊಕ್ಕು ಮೆಲ್ಲಗೆ ಬೆವರುತ್ತದೆಂದು ಬಲ್ಲವರು ವಾದಿಸಿದರು. ಗುಂಡು ಹಾರಿಸಿದ ಮೇಲೆ ಹಲವು ದಿನ ಬಿಡದೆ ಒರಸಬೇಕೆಂಬ ನಿಯಮ ಬಂತು. ಅನುಭವಸ್ಥರಾದ ಬ್ರಿಟಿಷ್ ಸೈನ್ಯದವರು ಕುದಿಯುವ ನೀರನ್ನು ಬಿಡಲಿಲ್ಲ. ಆದರೆ ಅದೇಕೆ ಫಲಿಸುತ್ತದೆಂಬುದು ಸ್ಪಷ್ಟವಾಗಲಿಲ್ಲ.

ಗುಟ್ಟು ಬಯಲಾದದ್ದು ೧೯೨೨ರಲ್ಲಿ. ಅಮೆರಿಕದ ಗಣಿ ಇಲಾಖೆಯ ರಸಾಯನಶಾಸ್ತ್ರಜ್ಞ ವಿಲ್ಬರ್ಟ್ ಹಫ್ ತೋರಿಸಿದಂತೆ, ಅಪರಾಧಿ ಮದ್ದಲ್ಲ. ಮದ್ದಿಗೆ ಕಿಡಿ ಕೊಡುವ, ತೋಟೆಯ ಬುಡದ ಪುಟ್ಟ ಕೇಪು. ಅದರಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡಾಗುತ್ತದೆ, ಎಂದರೆ ನಮ್ಮ ಅಡುಗೆ ಉಪ್ಪಿನ ದಾಯಾದಿ. ಆ ಉಪ್ಪು ನಳಿಕೆಯ ತುಂಬ ಕಣ್ಣಿಗೆ ಕಾಣದ ಪುಡಿಯಾಗಿ ಕೂರುತ್ತದೆ. ಶ್ರಾವಣದಲ್ಲಿ ಉಪ್ಪಿನ ಭರಣಿ ಬೆವರುವುದನ್ನು ಕಂಡ ಗೃಹಿಣಿಯರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಮಾತ್ರ ಕರಗುವುದು. ಎಣ್ಣೆ ಹಚ್ಚಿದವನು ಉಪ್ಪಿನ ಮೇಲೆ ಹೊದಿಕೆ ಹೊದಿಸಿದನಷ್ಟೆ. ನೀರು ಕುದಿಯುತ್ತಿರಬೇಕೆಂಬುದಕ್ಕೂ ಅರ್ಥವುಂಟು: ಕಾದ ಉಕ್ಕಿನ ಮೇಲೆ ಉಳಿದ ತೇವ ತಾನಾಗಿ ಆರುತ್ತದೆ. ಶಿಕ್ಷೆ ತಿಂದ ಸಿಪಾಯಿಗಳಲ್ಲಿ ಎಷ್ಟೋ ಮಂದಿ ಸೋಮಾರಿಗಳಾಗಿರಲಿಲ್ಲ. ಹೇಳಿದಷ್ಟು ಎಣ್ಣೆ ಹಚ್ಚಿದವರೇ ಆಗಿದ್ದರು.

ಕೊಳೆಯನ್ನು ಸಹಿಸುವ ಶಕ್ತಿಯೇ ಕೋವಿಯ ಯೋಗ್ಯತೆಯೆಂಬುದು ೧೯೧೫ರಲ್ಲಿ ಇಪ್ರ್ ರಣರಂಗದಲ್ಲಿ ಗೊತ್ತಾಯಿತು. ಕೆನಡಾದವರ ರಾಸ್ ರೈಫಲು ಗುರಿಯಲ್ಲಿ ಉತ್ತಮವೆನಿಸಿಕೊಂಡಿದ್ದರೂ, ಕಂದಕದ ಕೆಸರಿನಲ್ಲಿ ಅದರ ಬೋಲ್ಟು ಕಚ್ಚಿಕೊಂಡಿತು. ಅವರು ಅದನ್ನು ಎಸೆದು, ಸತ್ತವರ ಪಕ್ಕದಲ್ಲಿ ಬಿದ್ದಿದ್ದ ಲೀ-ಎನ್‌ಫೀಲ್ಡುಗಳನ್ನು ಎತ್ತಿಕೊಂಡರು.

ನಮ್ಮ ದೇಶದಲ್ಲಿ ಈ ರೈಫಲು ತಯಾರಾದದ್ದು ಹೂಗ್ಲಿ ದಡದ ಈಶಾಪುರದಲ್ಲಿ. ೧೭೯೧ರಿಂದ ಕಂಪನಿಯ ಕರಿಮದ್ದು ತಯಾರಾಗುತ್ತಿದ್ದ ಜಾಗದಲ್ಲೇ ೧೯೦೪ರಲ್ಲಿ ರೈಫಲ್ ಕಾರ್ಖಾನೆ ಸ್ಥಾಪನೆಯಾಯಿತು. ಕೊಬ್ಬಿನ ತೋಟೆಯ ಕಾಲದಲ್ಲಿ ಮಂಗಲ ಪಾಂಡೆ ಕೋವಿಯೆತ್ತಿದ ಬ್ಯಾರಕ್‌ಪುರ ಅಲ್ಲಿಂದ ಕೂಗಳತೆಯೆನ್ನುವಷ್ಟು ಹತ್ತಿರ.

ಮಳೆಗಾಲವನ್ನು ಎದುರಿಸಿ ಕೋವಿ ಕಾಯುವ ವಿದ್ಯೆಯಲ್ಲಿ ಕೊಡಗಿನವರನ್ನು ಮೀರಿಸುವವರು ನಮ್ಮಲ್ಲಿಲ್ಲ. ಅವರ ಮನೆಗಳ ಕೋವಿ ಬೇರೆ ಜಾತಿಯದು. ತ್ರೀ-ನಾಟ್-ತ್ರೀ ಸೈನ್ಯ, ಪೊಲೀಸರ ಆಸ್ತಿ. ಆದರೆ ತುಕ್ಕಿಗೆ ಜಾತಿಭೇದವಿಲ್ಲ. ಮಾರ್ಕ್ ಕಬ್ಬನ್ನನ ಕಾಲದಲ್ಲಿ, ೧೮೬೧ರಲ್ಲಿ, ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ದೊರೆತು, ಕೋವಿ ಮನೆಯ ಸದಸ್ಯನಂತೆ ಉಳಿಯಿತು. ನಾಟಿ ಮುಗಿದು ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಮೊದಲ ವಾರದಲ್ಲಿ ಅಲ್ಲಿ ಕೈಲ್‌ಪೋದ್ ಹಬ್ಬ. ಕೋವಿಯನ್ನು ಒರಸಿ, ಗಂಧವಿಟ್ಟು, ಬೆಂಕಿಯ ನಾಲಗೆಯಂಥ ತೋಕ್ ಪೂವಿನಿಂದ ಸಿಂಗರಿಸುತ್ತಾರೆ. ‘ತೋಕ್’ ಎಂದರೆ ಕೋವಿ. ಪಂಡಿತರು ಇದರಲ್ಲಿ ಏನೇನೋ ಸಂಕೇತ ಕಾಣಲಿ. ವರ್ಷದ ತೇವವೆಲ್ಲ ಮರಕ್ಕೂ ಕಬ್ಬಿಣಕ್ಕೂ ಇಳಿದಿರುವಾಗ ಮನೆಯ ಆಯುಧಗಳನ್ನು ಹೊರತೆಗೆದು ನೋಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು?

ಉಪ್ಪುಳಿಯದ ಕೇಪನ್ನು ಜರ್ಮನಿಯಲ್ಲಿ ೧೯೦೧ರಷ್ಟು ಹಿಂದೆಯೇ ಮಾರುಕಟ್ಟೆಗೆ ತಂದರು. ಬಹುದಿನ ಕೆಡದೆ ಉಳಿಯುತ್ತದೆಂಬ ಕಾರಣಕ್ಕೆ ಸೈನ್ಯಗಳು ಮಾತ್ರ ಹಳೆಯ ಕೇಪನ್ನೇ ನೆಚ್ಚಿಕೊಂಡವು. ಅಮೆರಿಕದ ಸೈನ್ಯವೂ ೧೯೫೦ರ ದಶಕದವರೆಗೆ ಅದನ್ನು ಪೂರ್ತಿ ಬಿಡಲಿಲ್ಲ. ನಮ್ಮ ತ್ರೀ-ನಾಟ್-ತ್ರೀಯ ಬಾಳು ಇನ್ನೂ ದೀರ್ಘ. ಸೈನ್ಯ ಕೈಬಿಟ್ಟ ಎಷ್ಟೋ ವರ್ಷದ ಮೇಲೂ ಅದು ಪೊಲೀಸ್ ಠಾಣೆಗಳಲ್ಲಿ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು ೨೦೨೦ರ ಗಣರಾಜ್ಯೋತ್ಸವದಂದು. ಸೈನ್ಯದಲ್ಲಿ ಅದರ ಜಾಗಕ್ಕೆ ಬಂದ ಎಸ್.ಎಲ್.ಆರ್. ರೈಫಲಿಗೆ ಪ್ರತಿ ಗುಂಡಿಗೂ ಅಗುಳಿ ಎಳೆಯಬೇಕಾಗಿರಲಿಲ್ಲ. ಈಶಾಪುರದಿಂದಲೇ ಹೊರಟ ಆ ಹೊಸ ಕೋವಿಯ ಜೊತೆಗೂ ಒಂದು ಪುಲ್-ಥ್ರೂ ಮತ್ತು ನಾಲ್ಕು ಚಿಂದಿ ಹೊರಟವು.