ಬೈಸಿಕಲ್ಲಿಗೊಂದು ದಾರಿ

ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ನಮ್ಮ ಯಾವುದಾದರೊಂದು ಪಟ್ಟಣದ ದೊಡ್ಡ ಬೀದಿಯ ಅಂಚಿನಲ್ಲಿ ನಿಂತು ನೋಡಿ. ಕಾರುಗಳು, ಬಸ್ಸುಗಳು, ಮೋಟಾರು ಸೈಕಲುಗಳು ಒಂದನ್ನೊಂದು ನೂಕುವಂತೆ ಸಾಗುತ್ತಿರುತ್ತವೆ. ಅವುಗಳ ಪಕ್ಕದಲ್ಲಿ, ಚರಂಡಿಯ ಕಲ್ಲಿಗೆ ಅಂಟಿಕೊಂಡವನಂತೆ, ಬುತ್ತಿಯ ಡಬ್ಬಿಯನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಒಬ್ಬನು ಸೈಕಲ್ಲು ತುಳಿಯುತ್ತ ಕೆಲಸಕ್ಕೆ ಹೋಗುತ್ತಿರುತ್ತಾನೆ. ಅವನನ್ನು ಯಾರೂ ಗಮನಿಸುವುದಿಲ್ಲ. ಆದರೆ ಅವನ ವಾಹನಕ್ಕೆ ಇನ್ನೂರು ವರ್ಷಗಳಿಗೂ ಮಿಗಿಲಾದ ಚರಿತ್ರೆಯುಂಟು. ಆ ಚರಿತ್ರೆಯನ್ನು ಓದುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ಬರುತ್ತದೆ. ಸೈಕಲ್ಲಿಗೆ ಯಂತ್ರದ ಕೊರತೆ ಕಾಲಕ್ರಮದಲ್ಲಿ ನೀಗಿತು. ಸವಾರರ ಕೊರತೆ ಎಂದೂ ಬರಲಿಲ್ಲ. ದಾರಿಯ ಕೊರತೆ ಮಾತ್ರ ಅದು ಹುಟ್ಟಿದ ದಿನದಿಂದ ಇಂದಿನವರೆಗೂ ಅದನ್ನು ಬಿಟ್ಟಿಲ್ಲ. ಈ ಮಾತನ್ನು ಸ್ವಲ್ಪ ವಿಸ್ತಾರವಾಗಿ ತಮ್ಮ ಮುಂದೆ ಇಡುತ್ತೇನೆ.

1817ನೆಯ ಇಸವಿ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ನಗರದಿಂದ ಕಾರ್ಲ್ ಫಾನ್ ಡ್ರೈಸ್ ಎಂಬ ಅರಣ್ಯಾಧಿಕಾರಿಯು ಒಂದು ವಿಚಿತ್ರ ವಾಹನವನ್ನೇರಿ ಹೊರಟನು. ಒಂದರ ಹಿಂದೊಂದು ಎರಡು ಮರದ ಗಾಲಿಗಳು, ನಡುವೆ ಕೂರುವುದಕ್ಕೆ ಒಂದು ದಿಂಬು, ಮುಂದಿನ ಗಾಲಿಯನ್ನು ತಿರುಗಿಸುವುದಕ್ಕೆ ಒಂದು ಹಿಡಿ. ಪೆಡಲು ಇರಲಿಲ್ಲ, ಸವಾರನು ನೆಲವನ್ನು ಕಾಲಿನಿಂದ ಒದೆಯುತ್ತ ಓಡಬೇಕು. ಹೋಗಿಬರುವ ದಾರಿ ಸುಮಾರು 13 ಕಿಲೋಮೀಟರು. ಅದನ್ನು ಆತನು ಒಂದು ಗಂಟೆಯೊಳಗೆ ಮುಗಿಸಿದನು. ಫ್ರೆಂಚರು ಈ ವಾಹನವನ್ನು ‘ವೆಲೊಸಿಪೀಡ್’ ಎಂದು ಕರೆದರು. ಅದು ಲ್ಯಾಟಿನ್ ಮೂಲದ ಮಾತು. ಶೀಘ್ರವಾದ ಪಾದವುಳ್ಳದ್ದು ಎಂದು ಅರ್ಥ.

ಆದರೆ ಈ ಶೀಘ್ರಪಾದಕ್ಕೆ ಮೊದಲ ದಿನಗಳಲ್ಲಿಯೇ ವಿಘ್ನ ಒದಗಿತು. ಕುದುರೆಗಾಡಿಗಳ ಚಕ್ರಗಳು ಕೊರೆದಿದ್ದ ಹಳ್ಳಗಳಿಂದಾಗಿ ಅಂದಿನ ಬೀದಿಗಳಲ್ಲಿ ಎರಡು ಗಾಲಿಯ ಮೇಲೆ ಸಮತೂಕ ಹಿಡಿಯುವುದು ಅಸಾಧ್ಯವಾಯಿತು. ಸವಾರರು ನಯವಾದ ಕಾಲುದಾರಿಗಳನ್ನು ಹಿಡಿದರು. ನಡೆಯುವವರು ಬೆದರಿದರು, ಊರ ಅಧಿಕಾರಿಗಳು ನಿಷೇಧಾಜ್ಞೆ ಹೊರಡಿಸಿದರು. ಜರ್ಮನಿ, ಇಂಗ್ಲೆಂಡ್, ಅಮೆರಿಕಗಳಲ್ಲಿ ಮಾತ್ರವಲ್ಲ, ನಮ್ಮ ಕಲಕತ್ತೆಯಲ್ಲಿಯೂ ಇಂಥ ಆಜ್ಞೆ ಹೊರಟಿತೆಂದರೆ ತಮಗೆ ಆಶ್ಚರ್ಯವಾದೀತು. ಗಾಡಿಯ ಬೀದಿಯಲ್ಲಿ ಓಡಲಾರದು, ಕಾಲುದಾರಿಯಲ್ಲಿ ಓಡಕೂಡದು! ಹೀಗೆ ತ್ರಿಶಂಕುವಿನ ಪಾಡಾಗಿ ಡ್ರೈಸನ ವಾಹನ ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿತು.

ಮುಂದೆ 1860ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಮುಂದಿನ ಗಾಲಿಗೆ ಪೆಡಲು ಜೋಡಿಸಿದ ಸೈಕಲ್ಲುಗಳು ಬಂದವು. ಮರದ ಗಾಲಿ, ಅದಕ್ಕೆ ಕಬ್ಬಿಣದ ಪಟ್ಟಿ, ಕೆಳಗೆ ಕಲ್ಲು ಹಾಸಿದ ಬೀದಿ. ಇಂಗ್ಲಿಷರು ಇದಕ್ಕೆ ಎಲುಬು ಕುಲುಕುವ ಯಂತ್ರವೆಂದು ಅಡ್ಡಹೆಸರಿಟ್ಟರು. ಅನಂತರ ಮುಂದಿನ ಗಾಲಿ ದೊಡ್ಡದಾಗುತ್ತ ಹೋಗಿ ಆಳುದ್ದದ ಹತ್ತಿರಕ್ಕೆ ಬೆಳೆಯಿತು. ಅದನ್ನೇರುವುದೇ ಒಂದು ಸಾಹಸ. ಒಂದು ಕಲ್ಲು ಅಡ್ಡ ಬಂದರೆ ಸವಾರನು ತಲೆಕೆಳಗಾಗಿ ಬೀಳುವನು. ಅದು ಹಣವುಳ್ಳ ತರುಣರ ಆಟವಾಗಿತ್ತೇ ಹೊರತು ದುಡಿಯುವವನ ವಾಹನವಾಗಿರಲಿಲ್ಲ.

ಸೈಕಲ್ಲನ್ನು ದುಡಿಯುವವನ ಬಾಗಿಲಿಗೆ ತಂದವರು ಇಬ್ಬರು. ಇಂಗ್ಲೆಂಡಿನ ಕವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು 1885ರಲ್ಲಿ ‘ರೋವರ್’ ಎಂಬ ಸೈಕಲ್ಲನ್ನು ಹೊರತಂದನು. ಹೆಚ್ಚುಕಡಮೆ ಸಮನಾದ ಎರಡು ಗಾಲಿ, ನಡುವೆ ಪೆಡಲು, ಪೆಡಲಿನಿಂದ ಹಿಂದಿನ ಗಾಲಿಗೆ ಚೈನು. ಕಾಲು ನೆಲಕ್ಕೆ ಎಟುಕುವಂತಿದ್ದುದರಿಂದ ಬೀಳುವ ಭಯ ತಗ್ಗಿತು. ಆ ರೋವರ್ ಸೈಕಲ್ಲನ್ನು ಇಂದು ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದರೂ ಅಂಗಡಿಯವನು ಗುರುತು ಹಿಡಿದಾನು! ಮೂರು ವರ್ಷಗಳ ಮೇಲೆ, 1888ರಲ್ಲಿ, ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಟಯರನ್ನು ತೊಡಿಸಿದನು. ಗಾಳಿ ತುಂಬಿದ ಟಯರಿನ ಕಲ್ಪನೆ ಅದಕ್ಕೂ ಮೊದಲು, 1845ರಲ್ಲಿಯೇ, ರಾಬರ್ಟ್ ಥಾಮ್ಸನ್ ಎಂಬಾತನಿಗೆ ಹೊಳೆದಿತ್ತು. ಅದು ಲೋಕಕ್ಕೆ ಉಪಯೋಗವಾದುದು ಡನ್‌ಲಪ್ಪನ ಕಾಲದಲ್ಲಿ.

ಯಂತ್ರ ಸಿದ್ಧವಾಯಿತು. ಇನ್ನು ದಾರಿ ಬೇಕು. ಆ ದಾರಿಗಾಗಿ ಸವಾರರೇ ಹೋರಾಡಿದರೆಂಬುದನ್ನು ಬಹುಮಂದಿ ಮರೆತಿದ್ದಾರೆ. ಅಮೆರಿಕದಲ್ಲಿ 1880ರಲ್ಲಿ ಸ್ಥಾಪಿತವಾದ ಸೈಕಲ್ ಸವಾರರ ಸಂಘವೂ, ಅದೇ ದಶಕದಲ್ಲಿ ಇಂಗ್ಲೆಂಡಿನ ಸೈಕಲ್ ಸಂಘಗಳೂ ಒಳ್ಳೆಯ ರಸ್ತೆಗಳು ಬೇಕೆಂದು ಸರಕಾರಗಳ ಬೆನ್ನುಹತ್ತಿದವು, ಕರಪತ್ರಗಳನ್ನು ಹಂಚಿದವು. ಕೆಸರಿನ ಬೀದಿಗಳು ನಯವಾಗತೊಡಗಿದವು. ಹೀಗೆ ಹದಮಾಡಿದ ರಸ್ತೆಗಳ ಮೇಲೆ ತರುವಾಯ ಬಂದದ್ದು ಮೋಟಾರು ಕಾರು. ಉತ್ತವನೊಬ್ಬ, ಬಿತ್ತವನೊಬ್ಬ ಎನ್ನುವ ಹಾಗಾಯಿತು.

ಇರಲಿ. 1890ರ ದಶಕದ ಕೊನೆಗೆ ಬೆಲೆ ಇಳಿಯಿತು. ಗುಮಾಸ್ತನೂ ಕಾರ್ಖಾನೆಯ ಆಳೂ ಸೈಕಲ್ಲು ಕೊಳ್ಳುವಂತಾದರು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಸೈಕಲ್ಲು ಬಡವನ ಹಾಸಿಗೆಯನ್ನೇ ಉದ್ದ ಮಾಡಿತು. ನಡೆದು ಹೋಗುವವನು ಮನೆಯಿಂದ ಮೂರು ನಾಲ್ಕು ಕಿಲೋಮೀಟರಿನೊಳಗೆ ಸಿಕ್ಕ ಕೆಲಸವನ್ನು ಒಪ್ಪಿಕೊಳ್ಳಬೇಕು. ತುಳಿದು ಹೋಗುವವನು ಹತ್ತು ಹನ್ನೆರಡು ಕಿಲೋಮೀಟರಿನ ಆಚೆಗೂ ಕೆಲಸ ಹುಡುಕಬಲ್ಲನು. ಸಮತಲವಾದ ದಾರಿಯಲ್ಲಿ ಅಷ್ಟೇ ದೂರ ನಡೆಯಲು ಬೇಕಾಗುವ ಶಕ್ತಿಯ ಸುಮಾರು ಐದರಲ್ಲೊಂದು ಪಾಲು ಸೈಕಲ್ಲಿಗೆ ಸಾಕು. ಗಾಡಿಗೆ ಹುಲ್ಲು ಬೇಕು, ಕಾರಿಗೆ ಎಣ್ಣೆ ಬೇಕು. ಇದಕ್ಕೆ ಬೆಳಗಿನ ರೊಟ್ಟಿಯೋ ಮುದ್ದೆಯೋ ಸಾಕು.

ಹೆಂಗಸರ ವಿಚಾರದಲ್ಲಿ ಈ ಲಾಭ ಇನ್ನೂ ದೊಡ್ಡದು. ಮಹಿಳೆಯರ ಮತದಾನದ ಹಕ್ಕಿಗಾಗಿ ಬಾಳೆಲ್ಲ ಹೋರಾಡಿದ ಅಮೆರಿಕದ ಸೂಸನ್ ಬಿ. ಆಂಥನಿಯವರು 1896ರಲ್ಲಿ, ಲೋಕದಲ್ಲಿ ಬೇರಾವುದಕ್ಕಿಂತಲೂ ಹೆಚ್ಚಾಗಿ ಹೆಂಗಸಿಗೆ ಬಿಡುಗಡೆಯನ್ನು ತಂದುದು ಸೈಕಲ್ಲು ಎಂಬ ಅಭಿಪ್ರಾಯವನ್ನು ಕೊಟ್ಟರು. ಸುಮಾರು ನೂರು ವರ್ಷಗಳ ಮೇಲೆ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಅದೇ ಮಾತು ಮತ್ತೆ ನಿಜವಾಯಿತು. 1991ರ ಸುಮಾರಿಗೆ ಅಲ್ಲಿ ಅಕ್ಷರ ಕಲಿಸುವ ಚಳವಳಿಯ ಜೊತೆಗೇ ಸೈಕಲ್ಲು ಕಲಿಸುವ ಕೆಲಸವೂ ನಡೆಯಿತು. ಕಲ್ಲುಗಣಿಯಲ್ಲಿ ದುಡಿಯುವ ಹೆಂಗಸರು, ಹಳ್ಳಿಯ ಕೂಲಿಯವರು, ಶಾಲೆಯ ಉಪಾಧ್ಯಾಯಿನಿಯರು ಸಾವಿರಾರು ಸಂಖ್ಯೆಯಲ್ಲಿ ಕಲಿತರು. ಕೊಡವನ್ನು ಹಿಂದೆ ಕಟ್ಟಿ, ಮಗುವನ್ನು ಮುಂದೆ ಕೂರಿಸಿಕೊಂಡು, ಬಸ್ಸಿಗೂ ಗಂಡಸರಿಗೂ ಕಾಯದೆ ಅವರು ಹೊರಟರು.

ನಮ್ಮ ದೇಶಕ್ಕೆ ಸೈಕಲ್ಲು ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ವಿಲಾಯಿತಿಯ ಸರಕಾಗಿ. ಮೊದಲು ದೊರೆಗಳು, ಆಮೇಲೆ ವಕೀಲರು, ವೈದ್ಯರು, ಆಮೇಲೆ ಅಂಚೆಯವನು, ಹಾಲಿನವನು, ಉಪಾಧ್ಯಾಯ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರಸಿ ತರುಣರ ತಂಡದಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲ, ರುಸ್ತುಂ ಭೂಮ್‌ಗರಾ ಎಂಬ ಮೂವರು ಸೈಕಲ್ಲಿನ ಮೇಲೆ ಭೂಮಂಡಲವನ್ನೇ ಸುತ್ತಿ 1928ರಲ್ಲಿ ಊರಿಗೆ ಮರಳಿದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿಯೇ ದೊಡ್ಡ ಪ್ರಮಾಣದಲ್ಲಿ ಸೈಕಲ್ಲು ಮಾಡುವ ಕಾಲ ಬಂದಿತು: 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಮೂವತ್ತು ವರ್ಷಗಳೊಳಗೆ, 1986ರಲ್ಲಿ, ಆ ಹೀರೋ ಸಂಸ್ಥೆ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ಲು ತಯಾರಿಸುವ ಸಂಸ್ಥೆಯೆಂದು ಗಿನ್ನೆಸ್ ದಾಖಲೆಯನ್ನು ಸೇರಿತು.

ಕನ್ನಡಿಗರು ಈ ಪರದೇಶದ ವಸ್ತುವನ್ನು ಹೇಗೆ ಒಳಗುಮಾಡಿಕೊಂಡರೆಂಬುದಕ್ಕೆ ಅದರ ಹೆಸರೇ ಸಾಕ್ಷಿ. ಸಂಸ್ಕೃತಜ್ಞರು ‘ದ್ವಿಚಕ್ರಿಕಾ’ ಎನ್ನುವರು. ನಮ್ಮ ಜನ ಅಷ್ಟು ದೂರ ಹೋಗಲಿಲ್ಲ. ಹಳಗನ್ನಡದ ‘ಕಲ್’ ಹೊಸಗನ್ನಡದಲ್ಲಿ ‘ಕಲ್ಲು’ ಆದ ಹಾಗೆಯೇ ‘ಸೈಕಲ್’ ‘ಸೈಕಲ್ಲು’ ಆಯಿತು. ಹಲ್ಲು ಬಿಲ್ಲುಗಳ ಪಂಕ್ತಿಯಲ್ಲಿ ಕೂತುಬಿಟ್ಟಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿದವು. ಪಾಳಿ ಬಿಡುವ ಹೊತ್ತಿಗೆ ಆ ಕಡೆಯ ರಸ್ತೆಗಳಲ್ಲಿ ಬೆಲ್ಲುಗಳ ಸದ್ದೇ ಸದ್ದು. ಊರೂರಿನಲ್ಲಿಯೂ ಬಾಡಿಗೆ ಸೈಕಲ್ಲಿನ ಅಂಗಡಿ. ಸೀಟಿಗೆ ಕಾಲು ಎಟುಕದ ಹುಡುಗರು ಚೌಕಟ್ಟಿನ ಸಂದಿಯಲ್ಲಿ ಕಾಲು ತೂರಿಸಿ ತುಳಿಯುತ್ತಿದ್ದ ನೋಟ. ಪುರಸಭೆಯ ಕಂದಾಯ ಕಟ್ಟಿ ಬಿಲ್ಲೆ ಹಾಕಿಸಬೇಕು, ಕತ್ತಲಾದ ಮೇಲೆ ದೀಪವಿರಬೇಕು, ಇಬ್ಬರು ಕೂರಬಾರದು. ನಿಯಮಗಳು ಕಟ್ಟುನಿಟ್ಟಾಗಿದ್ದವು. ಆದರೆ ಬಿಲ್ಲೆ ಕೇಳಿದ ಊರು ಅದಕ್ಕೆ ಪ್ರತಿಯಾಗಿ ಬೀದಿಯಲ್ಲಿ ಸ್ಥಳವನ್ನೂ ಕೊಟ್ಟಿತ್ತೆಂಬುದನ್ನು ಮರೆಯಬಾರದು.

ಮೂವತ್ತು ವರ್ಷಗಳಿಂದ ಶಾಲೆಗೆ ಸೈಕಲ್ಲಿನ ಮೇಲೆ ಹೋಗಿಬರುತ್ತಿರುವ ಉಪಾಧ್ಯಾಯನಾಗಿ, ಅದರ ಸುಖದ ವಿಚಾರವನ್ನೂ ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಬೆಳಗಿನ ತಂಗಾಳಿ ಮುಖಕ್ಕೆ ತಾಗುತ್ತದೆ. ಯಾರ ಮನೆಯಲ್ಲಿ ಒಗ್ಗರಣೆ ಹಾಕಿದರು, ಯಾವ ಹಿತ್ತಿಲಲ್ಲಿ ಸಂಪಿಗೆ ಬಿಟ್ಟಿದೆ ಎಂಬುದು ಮೂಗಿಗೇ ತಿಳಿಯುತ್ತದೆ. ಎದುರಿಗೆ ಬಂದ ಹಳೆಯ ವಿದ್ಯಾರ್ಥಿಯನ್ನು ‘ಏನಪ್ಪಾ, ಚೆನ್ನಾಗಿದ್ದೀಯಾ?’ ಎಂದು ಕೇಳಲು ಒಂದು ಕಾಲು ನೆಲಕ್ಕೂರಿದರೆ ಸಾಕು. ಏರು ಬಂದಾಗ ಇಳಿದು ತಳ್ಳುವುದರಲ್ಲಿ ಅವಮಾನವೇನೂ ಇಲ್ಲ. ತಳ್ಳಿದವನಿಗೇ ಇಳಿಜಾರಿನ ರುಚಿ ಚೆನ್ನಾಗಿ ಗೊತ್ತು. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಮೈ ಬೆಚ್ಚಗಾಗಿ, ಮನಸ್ಸು ಹಗುರವಾಗಿ, ಮೊದಲನೆಯ ಪಾಠಕ್ಕೆ ಕಂಠ ಸಿದ್ಧವಾಗಿರುತ್ತದೆ.

ಇಷ್ಟು ಒಳ್ಳೆಯದಾದ ವಾಹನವನ್ನು ಜನ ಏಕೆ ಬಿಟ್ಟರು? ಮೋಟಾರು ಸೈಕಲ್ಲು ಅಗ್ಗವಾಯಿತೆಂಬುದು ಒಂದು ಕಾರಣ. ಸೈಕಲ್ಲಿನ ಹೀರೋ ಮನೆತನವೇ 1984ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯೊಡನೆ ಕೂಡಿ ಮೋಟಾರು ಸೈಕಲ್ಲಿನ ಉದ್ಯಮಕ್ಕೆ ಕಾಲಿಟ್ಟಿತು. ಆದರೆ ಅದೊಂದೇ ಕಾರಣವಲ್ಲ. ಬೇಗ ಓಡುವ ವಾಹನಗಳಿಗಾಗಿ ಬೀದಿಗಳನ್ನು ಅಗಲ ಮಾಡಿದಂತೆಲ್ಲ ಸೈಕಲ್ಲಿನವನು ಅಂಚಿಗೆ ಸರಿದನು. ಅಂಚೂ ಮುಗಿದಾಗ ಭಯದಿಂದ ಕೆಳಗಿಳಿದನು. ಹಾಗೆ ಇಳಿಯಲಾರದವರ ಲೆಕ್ಕವನ್ನು 2011ರ ಜನಗಣತಿ ಕೊಡುತ್ತದೆ. ಬೇಸಾಯದ ಹೊರಗಿನ ಕೆಲಸಗಳಲ್ಲಿದ್ದ ಸುಮಾರು 20 ಕೋಟಿ ದುಡಿಮೆಗಾರರಲ್ಲಿ ನೂರಕ್ಕೆ 13 ಮಂದಿ, ಎಂದರೆ ಸುಮಾರು 2 ಕೋಟಿ 60 ಲಕ್ಷ ಜನ, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನಡೆದೇ ಹೋಗುತ್ತಿದ್ದವರು ನೂರಕ್ಕೆ 22 ಮಂದಿಗೂ ಹೆಚ್ಚು. ಕಾರು ಜೀಪುಗಳಲ್ಲಿ ಹೋಗುತ್ತಿದ್ದವರು ನೂರಕ್ಕೆ ಮೂವರೂ ಇರಲಿಲ್ಲ. ಈಗ ಬೀದಿಯನ್ನು ಅಳೆದು ನೋಡಿ, ಯಾರಿಗೆ ಎಷ್ಟು ಪಾಲು ಸಿಕ್ಕಿದೆಯೆಂದು.

ಇದು ಕಾಲಧರ್ಮ, ಹಿಂದಕ್ಕೆ ತಿರುಗಿಸಲಾಗದು ಎನ್ನುವವರಿಗೆ ನೆದರ್‌ಲ್ಯಾಂಡ್ಸ್ ದೇಶದ ಕಥೆಯನ್ನು ಹೇಳಬೇಕು. ಅದು ಅನಾದಿಯಿಂದಲೂ ಸೈಕಲ್ಲಿನ ಸ್ವರ್ಗವೆಂದು ನಾವು ತಿಳಿದಿದ್ದೇವೆ. ಹಾಗಲ್ಲ. 1950 ಮತ್ತು 60ರ ದಶಕಗಳಲ್ಲಿ ಅಲ್ಲಿಯೂ ಕಾರುಗಳು ಹೆಚ್ಚಿ ಸೈಕಲ್ಲು ಹಿಂದೆ ಸರಿಯಿತು. 1971ರ ಒಂದೇ ವರ್ಷದಲ್ಲಿ ರಸ್ತೆಯ ಅಪಘಾತಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆಯನ್ನು ನಿಲ್ಲಿಸಿ ಎಂಬ ಕೂಗೆತ್ತಿ ತಾಯಿತಂದೆಗಳು ಬೀದಿಗಿಳಿದರು. 1973ರಲ್ಲಿ ಎಣ್ಣೆಯ ಅಭಾವ ಬಂದು, ಸರಕಾರ ಭಾನುವಾರಗಳಂದು ಕಾರು ಓಡಿಸಬಾರದೆಂದು ವಿಧಿಸಿದಾಗ, ಕಾರಿಲ್ಲದ ಊರು ಹೇಗಿರುತ್ತದೆಂಬುದನ್ನು ಜನ ಕಣ್ಣಾರೆ ಕಂಡರು. ಆಮೇಲೆ ಊರಿಂದೂರಿಗೆ ಸೈಕಲ್ಲಿಗೆಂದೇ ಪ್ರತ್ಯೇಕ ದಾರಿಗಳಾದವು. ಇಂದು ಅಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಆ ಜನ ನಮಗಿಂತ ಬೇರೆಯವರಲ್ಲ; ದಾರಿಯನ್ನು ಕೇಳಿದರು, ಪಡೆದರು, ಅಷ್ಟೆ.

ನಮ್ಮಲ್ಲಿಯೂ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2017ರ ಜೂನ್ ತಿಂಗಳಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ಅದಕ್ಕೂ ಮೊದಲು, 2006-07ರಲ್ಲಿ ಆರಂಭಗೊಂಡು ಹಲವು ವರ್ಷ ನಡೆದ ಯೋಜನೆಯಲ್ಲಿ ನಮ್ಮ ರಾಜ್ಯದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚಿದರು. ಅದೇ ಕಾಲದಲ್ಲಿ ಬಿಹಾರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಟ್ಟುದರ ಫಲವನ್ನು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ ನೋಡಿದ್ದಾರೆ: ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ನೂರಕ್ಕೆ ಸುಮಾರು 32ರಷ್ಟು ಏರಿತು. ಶಾಲೆಯಿಂದ ದೂರವಿರುವ ಹಳ್ಳಿಗಳಲ್ಲಿಯೇ ಅದರ ಪ್ರಯೋಜನ ಹೆಚ್ಚು ಕಂಡಿತು.

ಆ ಹುಡುಗಿಯರು ಹಳ್ಳಿಯ ದಾರಿಯನ್ನು ದಾಟಿ ದೊಡ್ಡ ರಸ್ತೆಗೆ ಬಂದಾಗ ಏನಾಗುತ್ತದೆ? ಲಾರಿ ಹಾರನ್ ಮಾಡುತ್ತದೆ, ಹುಡುಗಿ ಮಣ್ಣಿಗಿಳಿಯುತ್ತಾಳೆ. ಸೈಕಲ್ಲು ಕೊಟ್ಟವರು ದಾರಿ ಕೊಡುವುದನ್ನು ಮರೆತರೆ ಕೊಟ್ಟದ್ದು ಅರ್ಧವೇ ಆಯಿತು. ಅವಳಿಗೆ ಬೇಕಾದ ದಾರಿಯಾದರೂ ಎಷ್ಟು? ಒಂದು ಮಾರು ಅಗಲ. ವಾಚಕರೇ, ತಮ್ಮ ಊರಿನಲ್ಲಿ ರಸ್ತೆ ಅಗಲ ಮಾಡುವ ಮಾತು ಬಂದಾಗ, ಆ ಒಂದು ಮಾರನ್ನು ಎಲ್ಲಿ ಬಿಟ್ಟಿದ್ದೀರಿ ಎಂದು ನಕ್ಷೆ ತಂದವರನ್ನು ತಾವು ಕೇಳಬೇಕು. ಕೇಳುವವರು ಹೆಚ್ಚಿದಂತೆ ಆ ಗೆರೆ ನಕ್ಷೆಯಲ್ಲಿ ಮೂಡೀತು.