ದಂತ ಇಂಪ್ಲಾಂಟಿನ ದೃಢತೆ: ಮಾಪನದ ಚರಿತ್ರೆ

ಸ್ವೀಡನ್ನಿನ ಬ್ರೋನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ಇಂಪ್ಲಾಂಟುಗಳನ್ನು ಕೂರಿಸಿದರು. ಮೂಳೆ ಅವನ್ನು ಹಿಡಿದಿದೆಯೇ ಎಂಬುದನ್ನು ವೈದ್ಯರು ಬಹುಕಾಲ ಲೋಹದ ಹಿಡಿಯಿಂದ ತಟ್ಟಿ, ನಾದ ಕೇಳಿಯೇ ನಿರ್ಣಯಿಸುತ್ತಿದ್ದರು; ಮಡಕೆ ಕೊಳ್ಳುವವರ ಪರೀಕ್ಷೆಗಿಂತ ಇದು ತೀರ ಭಿನ್ನವಲ್ಲ. ಹಿಮ್ಮುಖವಾಗಿ ತಿರುಗಿಸಿ ನೋಡುವ ವಿಧಾನದಲ್ಲಿ ಕೂಡುತ್ತಿರುವ ಮೂಳೆಯೇ ಬಿಡುವ ಅಪಾಯವಿತ್ತು. ಜರ್ಮನಿಯ ಶುಲ್ಟೆ ರೂಪಿಸಿದ ಪೆರಿಯೋಟೆಸ್ಟ್ ಸಹಜ ಹಲ್ಲಿಗಾಗಿ ಹುಟ್ಟಿದ್ದು. ಹಲ್ಲಿನ ಬೇರಿಗಿರುವ ತಂತುಪೊರೆ ಇಂಪ್ಲಾಂಟಿಗಿಲ್ಲದ ಕಾರಣ, −8ರಿಂದ +50ರವರೆಗಿನ ಅದರ ಮಾಪಕದ ಕೆಳ ಅಂಚಿನಲ್ಲೇ ಅಂಕಿಗಳು ಗುಂಪುಗೂಡಿದವು. 1996ರಲ್ಲಿ ನೀಲ್ ಮೆರೆಡಿತ್ ಮತ್ತು ಸಹವರ್ತಿಗಳು ಇಂಪ್ಲಾಂಟಿನ ಅನುರಣನ ಆವರ್ತಾಂಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. 1ರಿಂದ 100ರ ಐಎಸ್‌ಕ್ಯೂ ಮಾಪಕ ಅದರಿಂದ ಬಂದಿತು. ಆದರೆ ಅದು ಅಳೆಯುವುದು ಬಿಗುವನ್ನು, ಬೆಸುಗೆಯನ್ನಲ್ಲ. ಕೂರಿಸಿದ ದಿನದ ಬಿಗುವು, ಮೂಳೆ ಮರುರೂಪಗೊಳ್ಳುವ ಮೊದಲ ವಾರಗಳಲ್ಲಿ ಇಳಿದು, ಹೊಸ ಮೂಳೆ ಬೆಳೆದಂತೆ ಏರುವುದುಂಟು. ಒಂದೇ ಅಂಕಿಯನ್ನು ನಂಬಿ ಹಲ್ಲು ಜೋಡಿಸಿದರೆ, ಅಗಿಯುವ ಹೊರೆ ಆ ಇಳಿಕೆಯ ವಾರಗಳಲ್ಲೇ ಬೀಳಬಹುದು.